ಹುಕ್ ಅಲ್ಲ, ಕೊಂಡಿ

ನಾನು ನಿಂತಿದ್ದದ್ದು ಎರಡನೆಯ ಮಹಡಿಯಲ್ಲಿ, ಮೆಟ್ಟಿಲ ಕಡೆಯಿಂದ ಎಣಿಸಿದರೆ ಆರನೆಯ ಕಿಟಕಿಯ ಪಕ್ಕ. ಅಕ್ಟೋಬರ್ ತಿಂಗಳ ಎರಡನೆಯ ಶನಿವಾರ, ಬೆಳಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಬೂದು ಬಣ್ಣದ ಹಗ್ಗ ನನ್ನಿಂದ ಆರು ಹೆಜ್ಜೆ ದೂರದಲ್ಲಿತ್ತು. ಹಗ್ಗದ ಆಚೆ ಒಂದು ಹಳೆಯ ಕೈಮಗ್ಗ, ಅದರ ಹಿಂಬದಿಗೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಎಲೆನಾ ಎಂಬ ಕಲಾವಿದೆ, ಅವಳ ಬಲಗೈಯಲ್ಲಿ ಸಣ್ಣ ಕತ್ತರಿ. ನಾನು ಗಡಿಯಾರ ನೋಡಿ ತಲೆ ಎತ್ತುವಷ್ಟರಲ್ಲಿ ಶಾಂತವ್ವ ಹಗ್ಗದ ಅಡಿಯಿಂದ ನುಸುಳಿ ಹೋಗಿ ಎಲೆನಾಳ ಮಣಿಕಟ್ಟನ್ನು ಹಿಡಿದುಬಿಟ್ಟಿದ್ದರು.

ಆ ಮ್ಯೂಸಿಯಮ್ಮಿನಲ್ಲಿ ಯಾರೂ ಯಾವುದನ್ನೂ ಮುಟ್ಟದಂತೆ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಶಾಂತವ್ವನನ್ನು ನನ್ನ ಕಾರಿನಲ್ಲಿ ಅಲ್ಲಿಗೆ ಕರೆತಂದವನೂ ನಾನೇ.

ಇದು ಆರು ವರ್ಷದ ಹಿಂದಿನ ಮಾತು. ಕಳೆದ ವಾರ ಮತ್ತೆ ಅಲ್ಲಿಗೆ ಹೋಗಿದ್ದೆ. ಚಳಿ ಶುರುವಾಗಿ ಆಗಷ್ಟೇ ಹೀಟಿಂಗ್ ಆನ್ ಮಾಡಿದ್ದರು. ಕಬ್ಬಿಣದ ರೇಡಿಯೇಟರುಗಳ ಮೇಲೆ ಬೇಸಿಗೆಯಿಡೀ ಕೂತಿದ್ದ ಧೂಳು ಬಿಸಿಯಾಗುವ ವಾಸನೆ, ಅದರ ಜೊತೆಗೆ ನೆಲದ ಹಲಗೆಗಳು ಹಿಂದೆಂದೋ ಕುಡಿದಿದ್ದ ಯಂತ್ರದ ಎಣ್ಣೆಯ ವಾಸನೆ. ಮೆಟ್ಟಿಲು ಹತ್ತಿ ಆರನೆಯ ಕಿಟಕಿಯ ಬಳಿಗೆ ಹೋಗಿ ನಿಂತೆ. ಕಾಲು ತಾನಾಗಿಯೇ ಆ ಜಾಗ ಹುಡುಕಿಕೊಂಡಿತು. ಆ ಶರತ್ಕಾಲ ಪೂರ್ತಿ ಎದುರಿಗೆ ಬಂತು. ನೆನಪು ಇನ್ನೂ ಮಸುಕಾಗುವ ಮೊದಲು, ಕಂಡದ್ದನ್ನು ಕಂಡ ಹಾಗೆ ಬರೆದಿಡೋಣವೆಂದು ಕೂತಿದ್ದೇನೆ.

ನಾನು ಮೈಸೂರಿನವನು. ಅಮೆರಿಕದ ಪ್ರಿನ್ಸ್‌ಟನ್ ಹತ್ತಿರದ ಒಂದು ಔಷಧ ಕಂಪನಿಯಲ್ಲಿ ಮೂವತ್ತೊಂದು ವರ್ಷ ದಾಖಲೆ ಪರಿಶೀಲಿಸುವ ಕೆಲಸ ಮಾಡಿದೆ. ಯಾರು, ಯಾವಾಗ, ಏನು ಮಾಡಿದರು, ಬರೆದಿದ್ದಾರೋ ಇಲ್ಲವೋ, ಸಹಿ ಇದೆಯೋ ಇಲ್ಲವೋ. ರಿಟೈರ್ ಆಗಿ ಕೆಂಡಲ್ ಪಾರ್ಕ್ ಎಂಬ ಊರಿನ ಮನೆಯಲ್ಲಿ ಕೂತ ಮೂರನೆಯ ತಿಂಗಳಿಗೆ ನನ್ನ ಹೆಂಡತಿ ವಸುಂಧರೆ ಹೇಳಿದಳು: "ರೀ, ಫ್ರಿಜ್ಜಲ್ಲಿರೋ ಒಂದೊಂದು ಡಬ್ಬಿಗೂ ತಾರೀಖು ಅಂಟಿಸ್ತಾ ಕೂತಿದ್ದೀರಲ್ಲ, ಎಲ್ಲಾದ್ರೂ ವಾಲಂಟಿಯರ್ ಮಾಡಿ. ನನ್ನ ಅಡುಗೆಮನೇನ ಆಡಿಟ್ ಮಾಡ್ಬೇಡಿ." ಹಾಗೆ ಸಿಕ್ಕಿದ್ದು ಈ ಕೆಲಸ. ವಾರಕ್ಕೆ ಮೂರು ದಿನ, ಕುತ್ತಿಗೆಗೆ ಒಂದು ಬ್ಯಾಡ್ಜು, ಜೇಬಿನಲ್ಲಿ ಒಂದು ನೋಟ್‌ಬುಕ್ಕು.

ಕಟ್ಟಡ ಮೊದಲು ರೇಷ್ಮೆ ಗಿರಣಿಯಾಗಿತ್ತು. ನದಿಯ ದಂಡೆಯಲ್ಲಿ ಕೆಂಪು ಇಟ್ಟಿಗೆಯ ನಾಲ್ಕು ಮಹಡಿ. ಎಳೆ ಹರಿದರೆ ನೇಯುವವರ ಕಣ್ಣಿಗೆ ಕಾಣಬೇಕೆಂದು ಆಳೆತ್ತರದ ಕಿಟಕಿಗಳನ್ನು ಇಟ್ಟಿದ್ದರು. ನೆಲದಲ್ಲಿ ಯಂತ್ರಗಳ ಬೋಲ್ಟುಗಳಿದ್ದ ತೂತುಗಳು ಇನ್ನೂ ಸಾಲಾಗಿದ್ದವು. ಗಿರಣಿ ಮುಚ್ಚಿ, ಗೋದಾಮಾಗಿ, ಬಹಳ ವರ್ಷ ಬೀಗ ಬಿದ್ದು, ಕೊನೆಗೆ ಈ ಕಾಲದ ಕಲೆಯ ಮ್ಯೂಸಿಯಮ್ ಆಯಿತು. ಗೋಡೆ ಒಡೆಯುವಾಗ ಮುಚ್ಚಿಹೋಗಿದ್ದ ಒಂದು ಕೋಣೆಯಲ್ಲಿ ಮಾದರಿ ಬಟ್ಟೆ ನೇಯುವ ಒಂದು ಕೈಮಗ್ಗ ಸಿಕ್ಕಿತು. ಅದರ ಮೇಲೆ ಅರ್ಧ ನೇಯ್ದ ಕೆಂಪು ರೇಷ್ಮೆ ಹಾಗೆಯೇ ಇತ್ತು. ಯಾರೋ ಮಧ್ಯಾಹ್ನ ಊಟಕ್ಕೆ ಎದ್ದು ಹೋದವರು ವಾಪಸು ಬಂದಿರಲಿಲ್ಲ.

ಎಲೆನಾಳ ಮುತ್ತಜ್ಜಿ ಆ ಗಿರಣಿಯಲ್ಲಿ ನೇಯುತ್ತಿದ್ದವಳು. ಆ ಮಗ್ಗ ಅವಳದ್ದೇ ಎಂದು ಹೇಳಲು ಕಾಗದವೇನೂ ಇರಲಿಲ್ಲ. ಅಲ್ಲ ಎನ್ನಲೂ ಇರಲಿಲ್ಲ. ನಿಂತುಹೋದ ಬಟ್ಟೆಯನ್ನು ಹೊಸ ನೂಲಿನಿಂದ ಮುಂದುವರಿಸುವುದೇ ಎಲೆನಾಳ ಕಲಾಕೃತಿ. ಹಳೆಯ ಕೆಂಪಿನಿಂದ ಹೊಸ ಬಿಳಿಗೆ ಒಂದೇ ಬಟ್ಟೆ. ನವೆಂಬರ್ ಮೂರನೆಯ ಶನಿವಾರ ಎಲ್ಲರೆದುರು ಅದು ಮಗ್ಗದ ಮೇಲೆ ನಡೆಯಬೇಕು. ಅಲ್ಲಿಯವರೆಗೆ ಅವಳು ಕೆಲಸ ಮಾಡುವುದನ್ನು ಜನ ಹಗ್ಗದ ಈಚೆ ನಿಂತು ನೋಡಬಹುದಾಗಿತ್ತು.

ಅವಳ ಕೈಯಲ್ಲಿ ಉಳಿದಿದ್ದ ಹಳೆಯ ಹಾಸು, ಅಂದರೆ ಮಗ್ಗದ ಉದ್ದಕ್ಕೆ ಹಾಸಿದ ಎಳೆಗಳು, ಒಂದೇ ಮೊಳ. ಮಗ್ಗದ ಹಿಂದೆ ಒಂದು ಕಬ್ಬಿಣದ ಸರಳಿತ್ತು. ಹಳೆಯ ಎಳೆಗಳು ಜೋಡಿ ಜೋಡಿಯಾಗಿ ಬಂದು, ಆ ಸರಳನ್ನು ಸುತ್ತಿ, ಬಂದ ದಾರಿಯಲ್ಲೇ ಮರಳಿದ್ದವು. ಎಲೆನಾ ಆ ತುದಿಗಳನ್ನು ಒಂದೊಂದಾಗಿ ಕತ್ತರಿಸಿ, ಹೊಸ ಎಳೆಗೆ ಗಂಟು ಹಾಕುವುದೆಂದು ತೀರ್ಮಾನಿಸಿದ್ದಳು. ಅವಳು ಕಲಿತದ್ದು ಹಾಗೆ. ಆ ರೇಷ್ಮೆ ಮತ್ತೆ ಎಲ್ಲಿಯೂ ಸಿಗುವುದಿಲ್ಲ. ಹಾಳಾದರೆ ಹಾಳಾದ ಹಾಗೆಯೇ.

ಶಾಂತವ್ವ ನಮ್ಮ ಬೀದಿಯ ಸುಮಾಳ ತಾಯಿ. ಸುಮಾ ಪಾರ್ಸಿಪನಿಯ ಒಂದು ಐಟಿ ಕಂಪನಿಗೆ ಕಮ್ಯೂಟ್ ಮಾಡುವವಳು, ಹೆರಿಗೆ ರಜೆಯಲ್ಲಿದ್ದಳು. ಬಾಣಂತನಕ್ಕೆಂದು ಶಾಂತವ್ವ ಇಳಕಲ್ಲಿನಿಂದ ಬಂದು ಮೂರು ತಿಂಗಳಾಗಿತ್ತು. "ಅಂಕಲ್, ಅವ್ವಗ ಮನಿಯೊಳಗ ಕುಂತು ಕುಂತು ತಲಿ ಕೆಟ್ಟೈತಿ. ನಿಮ್ಮ ಮ್ಯೂಸಿಯಂ ಆದ್ರೂ ತೋರಿಸ್ರಿ" ಎಂದು ಸುಮಾ ಕೇಳಿದಳು. ಮೂವರನ್ನೂ, ಅಂದರೆ ಕೂಸನ್ನೂ ಸೇರಿಸಿ, ಕೂಡಿಸಿಕೊಂಡು ಹೋದೆ. ಕೆಳಗಿನ ಮಹಡಿಯಲ್ಲಿ ಎಪ್ಪತ್ತು ಮುರುಕು ಕುರ್ಚಿಗಳನ್ನು ಗುಡ್ಡೆ ಹಾಕಿದ್ದ ಒಂದು ಕೃತಿ ಇತ್ತು. ಶಾಂತವ್ವ ಅದನ್ನು ಒಂದು ಸುತ್ತು ಹಾಕಿ ಬಂದು ಕೇಳಿದರು: "ಪಾಪ, ಇವ್ರು ಸಾಮಾನು ಇನ್ನಾ ಹೊಂದಿಸಿಟ್ಟಿಲ್ಲೇನ್ರಿ, ಸರ?" ಇದೇ ಕಲೆ ಎಂದು ಹೇಳಿದೆ. "ಹೌದೇನು" ಎಂದು ಇನ್ನೊಂದು ಸುತ್ತು ಹಾಕಿದರು. "ಹಂಗಾರ ನಮ್ಮ ಹಿತ್ತಲದಾಗೂ ಐತಿ ಬಿಡ್ರಿ."

ಕೂಸು ಅತ್ತಿತು. ಹಾಲು ಕುಡಿಸಲು ಸುಮಾ ಕೆಳಗೇ ಉಳಿದಳು. ಶಾಂತವ್ವ ನನ್ನ ಹಿಂದೆ ಮೆಟ್ಟಿಲು ಹತ್ತಿದರು. ಮಗ್ಗ ಕಂಡ ಕೂಡಲೇ ನೆಟ್ಟಗೆ ಹಗ್ಗದವರೆಗೆ ಹೋದರು. ಅವರು ನಲವತ್ತು ವರ್ಷ ಸೀರೆ ನೇಯ್ದವರೆಂದು ನನಗೆ ಆಗ ಗೊತ್ತಿರಲಿಲ್ಲ. ಸುಮಾ ಹೇಳಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ.

ಈಗ ಶುರುವಿನ ಮಾತಿಗೆ ಮರಳುತ್ತೇನೆ. ಹನ್ನೊಂದು ಹತ್ತು. ಎಲೆನಾ ಅಷ್ಟರಲ್ಲಿ ಮೂರು ಜೋಡಿ ಕತ್ತರಿಸಿದ್ದಳು. ನಾಲ್ಕನೆಯದಕ್ಕೆ ಕತ್ತರಿ ಬಾಯಿ ತೆರೆಯಿತು.

"ಏ ತಂಗಿ, ಕತ್ತರಸಬ್ಯಾಡ!" ಶಾಂತವ್ವ ಅವಳ ಕೈ ಹಿಡಿದೇ ನನ್ನ ಕಡೆ ತಿರುಗಿದರು. "ಸರ, ಈಕಿಗೆ ಹೇಳ್ರಿ. ಗಂಟ ಹಾಕಬ್ಯಾಡ, ಕೊಂಡಿ ಹಾಕು ಅಂತ ಹೇಳ್ರಿ."

ಎಲೆನಾ ಹೆದರಿರಲಿಲ್ಲ, ಬೆರಗಾಗಿದ್ದಳು. ಏನು ಹೇಳುತ್ತಿದ್ದಾರೆ ಎಂದು ನನ್ನನ್ನು ಕೇಳಿದಳು.

ನಮ್ಮ ಕಡೆ ಕೊಂಡಿ ಎಂದರೆ ಬಾಗಿಲಿಗೆ ಹಾಕುವುದು, ಸರಕ್ಕೆ ಇರುವುದು, ಚೇಳಿನ ಬಾಲದಲ್ಲಿರುವುದು. "ಹುಕ್ ಹಾಕಬೇಕಂತೆ" ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಶಾಂತವ್ವನಿಗೆ ಆ ಒಂದು ಪದ ಗೊತ್ತಿತ್ತು. ರವಿಕೆಗೆ ಹಾಕುವುದು ಅದನ್ನೇ ತಾನೇ. "ಹುಕ್ ಅಲ್ರಿ ಸರ, ಕೊಂಡಿ!" ಎಂದರು. "ಕೊಂಡಿ!"

ಎರಡೂ ಒಂದೇ ಅಲ್ಲವೇ ಎಂದುಕೊಂಡು ನಾನು ಅದನ್ನು ಅನುವಾದಿಸಲಿಲ್ಲ.

ಎಲೆನಾ ನಯವಾಗಿ ತಲೆಯಾಡಿಸಿದಳು. ಲೋಹ ತಾಕಿದರೆ ಈ ರೇಷ್ಮೆ ಉಳಿಯುವುದಿಲ್ಲ, ಸಲಹೆಗೆ ಥ್ಯಾಂಕ್ಸ್ ಎಂದಳು. ಅಷ್ಟು ಹೊತ್ತಿಗೆ ಸೆಕ್ಯುರಿಟಿಯ ಮುಖ್ಯಸ್ಥ ಡೆನಿಸ್ ಬಂದ. ಎತ್ತರದ ಮನುಷ್ಯ, ಅಗ್ನಿಶಾಮಕ ದಳದಿಂದ ನಿವೃತ್ತನಾದವನು. ದನಿ ಏರಿಸದೆ ಶಾಂತವ್ವನನ್ನು ಹಗ್ಗದ ಈಚೆಗೆ ಕರೆತಂದ. ನನಗೆ ವರದಿ ಬರೆಯಲು ಹೇಳಿದ. ಬರೆದೆ: ಸಮಯ, ಜಾಗ, ಹೆಜ್ಜೆಗಳ ದೂರ, ಯಾವ ಕೈ, ಯಾರ ಮಣಿಕಟ್ಟು. 'ಹುಕ್ ಹಾಕಲು ಸೂಚಿಸಿದರು' ಎಂದೂ ಬರೆದೆ. 'ಹುಕ್ ಅಲ್ಲ' ಎಂದು ಅವರು ಎರಡನೆಯ ಸಲ ಹೇಳಿದ್ದನ್ನು ಬರೆಯಲಿಲ್ಲ. ಅರ್ಥವಾಗದ ಮಾತಿಗೆ ಕಾಲಂ ಇರಲಿಲ್ಲ. ಡೆನಿಸ್ ಓದಿ ಸಹಿ ಮಾಡಿ, ಆ ಹೆಂಗಸು ಇನ್ನು ಎರಡನೆಯ ಮಹಡಿಗೆ ಬರುವಂತಿಲ್ಲ ಎಂದ.

ಮನೆಗೆ ಹೋಗುವಾಗ ಕಾರಿನಲ್ಲಿ ಸುಮಾ ನಾಚಿಕೆಯಿಂದ ಮುದುಡಿ ಕೂತಿದ್ದಳು. "ಅವ್ವ, ಇದು ನಮ್ಮೂರಲ್ಲ. ಮಂದಿ ಕೈ ಹಿಂಗ ಹಿಡೀತಾರೇನು?"

ಶಾಂತವ್ವ ರೂಟ್ ಒನ್ ಹೆದ್ದಾರಿಯ ಟ್ರಾಫಿಕ್ ನೋಡುತ್ತ, "ಆಕಿ ಹರೀತಾಳ. ಎಲ್ಲಾ ಹರೀತಾಳ" ಎಂದಷ್ಟೇ ಹೇಳಿದರು.

ಮುಂದಿನ ಎಂಟು ದಿನದಲ್ಲಿ ನನ್ನ ಮೂರು ಪಾಳಿ ಬಂದವು. ಮೂರರಲ್ಲೂ ನಾನು ಕಂಡದ್ದು ಒಂದೇ. ಎಲೆನಾ ಕತ್ತರಿಸುತ್ತಾಳೆ, ಉಸಿರು ಹಿಡಿದು ಗಂಟು ಹಾಕುತ್ತಾಳೆ, ಮೆಲ್ಲಗೆ ಬಿಗಿ ಮಾಡುತ್ತಾಳೆ. ಗಂಟಿನ ಬುಡದಲ್ಲೇ ಹಳೆಯ ರೇಷ್ಮೆ ತುಂಡಾಗುತ್ತದೆ. ಮೂರನೆಯ ಪಾಳಿಯ ಸಂಜೆಗೆ ನಲವತ್ತೊಂದು ಜೋಡಿ ಹೋಗಿದ್ದವು. ಅವಳು ಕತ್ತರಿ ಕೆಳಗಿಟ್ಟು ಕಿಟಕಿಯ ಕಡೆ ತಿರುಗಿ ಕೂತಳು. ಈ ಹಳೆಯ ಬಟ್ಟೆಯನ್ನು ಇದ್ದ ಹಾಗೆ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರೆ ಸಾಕಾಗಿತ್ತು, ಎಂದಳು. ನನಗೆ ಹೇಳಿದಳೋ ತನಗೇ ಹೇಳಿಕೊಂಡಳೋ ತಿಳಿಯಲಿಲ್ಲ.

ಆ ವಾರವೇ ನಮ್ಮ ಮನೆಯಲ್ಲಿ ಗೊಂಬೆ ಕೂರಿಸಿದ್ದೆವು. ಅರಿಶಿನ ಕುಂಕುಮಕ್ಕೆ ಬೀದಿಯ ಹೆಂಗಸರೆಲ್ಲ ಬಂದರು. ಸುಮಾ, ಶಾಂತವ್ವ ಕೊನೆಯಲ್ಲಿ ಬಂದರು. ವಸುಂಧರೆ ಇಳಕಲ್ ಸೀರೆ ಉಟ್ಟಿದ್ದಳು. ಮದುವೆಯಲ್ಲಿ ಅವಳ ಸೋದರತ್ತೆ ಕೊಟ್ಟದ್ದು. ತಾಂಬೂಲದ ತಟ್ಟೆ ಹಿಡಿದು ಬಗ್ಗಿದಾಗ ಶಾಂತವ್ವ ತಟ್ಟೆ ತೆಗೆದುಕೊಳ್ಳುವ ಬದಲು ಅವಳ ಸೆರಗು ಹಿಡಿದುಕೊಂಡರು.

"ಅಯ್ಯೋ, ಏನಾಯ್ತು ಶಾಂತಮ್ಮನೋರೇ?"

"ಅಕ್ಕಾರ, ಇಲ್ಲಿ ಬೆರಳು ಆಡಿಸ್ರಿ. ಮೈ ಮುಗಿದು ಸೆರಗು ಶುರು ಆಗ್ತೈತಲ್ಲ, ಇಲ್ಲಿ. ಗಂಟ ಸಿಗ್ತೈತೇನು?"

ವಸುಂಧರೆ ಬೆರಳಾಡಿಸಿದಳು. ಇಲ್ಲ ಎಂದಳು.

"ಸಿಗಂಗಿಲ್ಲ. ಮೈಯ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಒಂದರ ಕುಣಿಕಿಯೊಳಗ ಇನ್ನೊಂದರ ಕುಣಿಕಿ ಹಾಕಿರ್ತೀವಿ. ಕೈಯಾಗ ಕೈ ಹಿಡದಂಗ. ಇದಕ್ಕ ಕೊಂಡಿ ಅಂತಾರ್ರಿ." ಆಮೇಲೆ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. "ಆ ತಂಗಿ ಮಗ್ಗದಾಗ ಕುಣಿಕಿ ತಯಾರೇ ಅದಾವ, ಸರ. ಸರಳು ಜಗ್ಗಿ ತಗದ್ರ ಸಾಕಿತ್ತು. ಆಕಿ ಕತ್ತರಿಸಿ ಕತ್ತರಿಸಿ ಒಗ್ಯಾಕತ್ತಾಳ."

ನಲವತ್ತೊಂದು ಎಂಬ ಸಂಖ್ಯೆ ತಲೆಯೊಳಗೆ ನಿಂತಿತ್ತು. ಮೊದಲ ಮೂರು ಬಿಟ್ಟರೆ ಉಳಿದ ಮೂವತ್ತೆಂಟು ನನ್ನ ಒಂದು ಪದಕ್ಕೆ ಹೋದವು.

"ಮೂವತ್ತೊಂದು ವರ್ಷ ಬೇರೆಯವರ ತಪ್ಪು ಹುಡುಕಿದ್ರಲ್ಲ" ಎಂದಳು ವಸುಂಧರೆ, ಎಲ್ಲರೂ ಹೋದ ಮೇಲೆ. "ಈಗ ನಿಮ್ಮದು ಸಿಕ್ಕಿದೆ. ಕಂಪನೀಲಿ ತಪ್ಪಾದ್ರೆ ಏನು ಮಾಡ್ತಿದ್ರಿ?"

ಕಂಪನಿಯಲ್ಲಿ ತಪ್ಪು ಬರೆದರೆ ಅಳಿಸುವಂತಿರಲಿಲ್ಲ, ಬಿಳಿ ಹಚ್ಚುವಂತಿರಲಿಲ್ಲ, ಪುಟ ಹರಿಯುವಂತಿರಲಿಲ್ಲ. ತಪ್ಪು ಓದಲು ಸಿಗುವ ಹಾಗೆ ಅದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ, ತಾರೀಖು ಹಾಕಬೇಕು. ಮರುದಿನ ಬೆಳಗ್ಗೆ ಮ್ಯೂಸಿಯಮ್ಮಿನ ಬಾಗಿಲು ತೆಗೆಯುವ ಮುಂಚೆ ಡೆನಿಸ್‌ನ ಮೇಜಿನ ಮುಂದೆ ನಿಂತು ಹಾಗೆಯೇ ಮಾಡಿದೆ. 'ಹುಕ್' ಮೇಲೆ ಒಂದು ಗೆರೆ. ಪಕ್ಕದಲ್ಲಿ 'ಕೊಂಡಿ' ಎಂದು ಕನ್ನಡದಲ್ಲೇ ಬರೆದೆ. ಅದರ ಕೆಳಗೆ, ಬಿಟ್ಟಿದ್ದ ವಾಕ್ಯ: ಹುಕ್ ಅಲ್ಲ ಎಂದು ಅವರು ಎರಡನೆಯ ಸಲ ಹೇಳಿದ್ದರು, ನಾನು ತಿಳಿಸಲಿಲ್ಲ. ಸಹಿ, ತಾರೀಖು ಹಾಕಿ, ಕೊಂಡಿ ಎಂದರೆ ಏನೆಂದು ವಿವರಿಸಿದೆ.

ಡೆನಿಸ್ ಕನ್ನಡದ ಆ ಎರಡು ಅಕ್ಷರಗಳನ್ನು ಬಹಳ ಹೊತ್ತು ನೋಡಿದ. "ಈ ಪದ ನೋಡಲೂ ತನ್ನ ಅರ್ಥದ ಹಾಗೆಯೇ ಇದೆ, ರಾಮ್" ಎಂದ. ಮೊದಲು ಅರ್ಥವಾಗಲಿಲ್ಲ. ಆಮೇಲೆ ನೋಡಿದೆ, ಅವನ ಬೆರಳು 'ಕೊ'ದ ಕೆಳಗಿನ, ಕುಣಿಕೆಯಂಥ ಸುರುಳಿಯ ಮೇಲಿತ್ತು.

ವಸುಂಧರೆಯ ಸೀರೆಯನ್ನು ಒಯ್ದಿದ್ದೆ. ಎಲೆನಾ ಭೂತಗನ್ನಡಿ ಹಿಡಿದು ಸೆರಗು ಕೂಡುವ ಗೆರೆಯ ಉದ್ದಕ್ಕೂ ಹೋದಳು. ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೋಗಲು ಹದಿನೈದು ನಿಮಿಷ ತೆಗೆದುಕೊಂಡಳು. ತಲೆ ಎತ್ತಿದವಳೇ ಕೋಟು ಹುಡುಕತೊಡಗಿದಳು. "ಅವರ ಮನೆ ಎಲ್ಲಿ?" ಎಂದಳು.

ಸುಮಾಳ ಅಡುಗೆಮನೆಯಲ್ಲಿ ನಡೆದ ಮಾತನ್ನು ಈ ಸಲ ಸುಮಾ ಅನುವಾದಿಸಿದಳು. ನನ್ನನ್ನು ಮಾತಾಡಗೊಡಲಿಲ್ಲ. "ಅಂಕಲ್, ನೀವು ಚಹಾ ಕುಡೀರಿ" ಎಂದಳು. ಶಾಂತವ್ವ ಕೇಳಿದ್ದು ಒಂದೇ ಮಾತು: "ಕೈ ಹಿಡದಿದ್ದಕ್ಕ ಆಕಿಗೆ ಸಿಟ್ಟಿಲ್ಲೇನು?" ಎಲೆನಾ ಬಲಗೈ ಚಾಚಿ ಮಣಿಕಟ್ಟು ತೋರಿಸಿದಳು. ಶಾಂತವ್ವ ನಕ್ಕು ಮತ್ತೆ ಹಿಡಿದರು.

ಡೆನಿಸ್ ಶಾಂತವ್ವನ ಮೇಲಿದ್ದ ನಿಷೇಧ ತೆಗೆದ. ಹೊರಗೆ ಎಲೆ ಉದುರಿ ಮುಗಿಯುವ ಹೊತ್ತಿಗೆ ಎರಡನೆಯ ಮಹಡಿಯಲ್ಲಿ ಕೆಲಸ ಶುರುವಾಯಿತು. ಶಾಂತವ್ವ ಮೊದಲು ಮಾಡಿಸಿದ್ದು ರೇಡಿಯೇಟರ್ ಬಂದ್. "ಈ ಉಗಿ ಪೆಟ್ಟಿಗಿ ಇದ್ರ ರೇಷ್ಮಿ ಒಣಗಿ ಕಡ್ಡಿ ಆಗ್ತೈತಿ. ನಮ್ಮ ಮಗ್ಗ ಕುಣಿಯೊಳಗ ಇರ್ತೈತಿ, ತಂಪು ಇರ್ತೈತಿ." ಮಗ್ಗದ ಅಡಿಗೆ ನೀರು ತುಂಬಿದ ಬೋಗುಣಿಗಳನ್ನು ಇಟ್ಟೆವು, ಒದ್ದೆ ಟವೆಲ್ ಹರವಿದೆವು. ನಾವು ಕೋಟು ಟೋಪಿ ಹಾಕಿಕೊಂಡು ನಡುಗುತ್ತ ನಿಂತೆವು, ರೇಷ್ಮೆ ತಂಪಾಗಿತ್ತು. ಸರಳನ್ನು ಒಂದು ಬೆರಳಿನಷ್ಟು ಸರಿಸುವುದು, ಸಡಿಲವಾದ ಕುಣಿಕೆಯನ್ನು ಹಿಡಿಯುವುದು, ಹೊಸ ಬಿಳಿ ಎಳೆಯನ್ನು ಅದರೊಳಗೆ ತೂರಿಸಿ ಮಡಿಸುವುದು, ಮುಂದಿನದು. ಅವಸರ ಮಾಡಿದಾಗಲೆಲ್ಲ ಶಾಂತವ್ವ "ಸಾವಕಾಶ" ಎನ್ನುತ್ತಿದ್ದರು. ಮೂರನೆಯ ದಿನಕ್ಕೆ ಎಲೆನಾಳೇ ನನಗೆ "ಸಾವಕಾಶ್, ರಾಮ್" ಎಂದಳು, ನಾನು ಬೋಗುಣಿಯ ನೀರು ತುಳುಕಿಸಿದಾಗ. ಅರ್ಧ ಶಾಂತವ್ವ ಹಾಕಿದರು, ಅರ್ಧ ಎಲೆನಾಳಿಂದ ಹಾಕಿಸಿದರು. ಮುನ್ನೂರ ಎಪ್ಪತ್ತೊಂಬತ್ತು ಕೊಂಡಿ. ಒಂದೂ ಹರಿಯಲಿಲ್ಲ.

ಎಡ ಅಂಚಿನಲ್ಲಿ ನಲವತ್ತೊಂದು ಜೋಡಿಯ ಜಾಗ ಖಾಲಿ ಇತ್ತು. ಅಲ್ಲಿ ಬೇರೆ ಕೆಂಪು ಎಳೆ ತುಂಬಲಾಗುವುದಿಲ್ಲವೇ ಎಂದು ಕೇಳಿದೆ. ಸುಮಾ ಅದನ್ನು ಎಲೆನಾಳಿಗೂ ಹೇಳಿದಳು. ಎಲೆನಾ, ಶಾಂತವ್ವ ಒಬ್ಬರನ್ನೊಬ್ಬರು ನೋಡಿಕೊಂಡರು.

"ಬಿಡ್ರಿ ಸರ, ಕಾಣ್ಲಿ" ಎಂದರು ಶಾಂತವ್ವ.

ನವೆಂಬರ್ ಮೂರನೆಯ ಶನಿವಾರ. ಹಳೆಯ ಕೆಂಪನ್ನು ಆ ವಾರವೆಲ್ಲ ಇಬ್ಬರೂ ಸರದಿಯಲ್ಲಿ ನೇಯ್ದು ಕೊಂಡಿಯ ಸಾಲನ್ನು ಹಣಿಗೆಯ ಹತ್ತಿರಕ್ಕೆ ತಂದಿದ್ದರು. ಹಣಿಗೆ ಎಂದರೆ ಎಳೆಗಳನ್ನು ಬಿಡಿಸಿ ಹಿಡಿದು, ಅಡ್ಡ ಎಳೆಯನ್ನು, ಅಂದರೆ ಹೊಕ್ಕನ್ನು, ಬಡಿದು ಕೂರಿಸುವ ದೊಡ್ಡ ಬಾಚಣಿಗೆ. ಗಂಟಾಗಿದ್ದರೆ ಅದರ ಹಲ್ಲಿಗೆ ಸಿಕ್ಕಿ ಹರಿಯುತ್ತದೆ. ಕೊಂಡಿ ಅದರೊಳಗಿಂದ ದಾಟಬೇಕು. ದಾಟಿದರೆ ಬಟ್ಟೆ ಮುಂದುವರಿಯಿತು. ಸಿಕ್ಕಿಬಿದ್ದರೆ ಅಲ್ಲಿಗೆ ಮುಗಿಯಿತು. ಸೋಮವಾರಕ್ಕೆ ಶಾಂತವ್ವನ ಟಿಕೆಟ್ಟು ಆಗಿತ್ತು. ಎರಡನೆಯ ಪ್ರಯತ್ನ ಇರಲಿಲ್ಲ.

ಅರವತ್ತು ಜನ ಇದ್ದರೆಂದು ನನ್ನ ನೋಟ್‌ಬುಕ್ಕಿನಲ್ಲಿದೆ. ಅಂದು ನನ್ನ ಪಾಳಿ ಇರಲಿಲ್ಲ, ಆದರೂ ಬ್ಯಾಡ್ಜ್ ಹಾಕಿಕೊಂಡು ಆರನೆಯ ಕಿಟಕಿಯ ಬಳಿಯೇ ನಿಂತೆ. ಶಾಂತವ್ವ ಸೀರೆಯ ಮೇಲೆ ಸುಮಾಳ ನೀಲಿ ಜಾಕೆಟ್, ಕಾಲಿಗೆ ಅಳಿಯನ ಸ್ನೀಕರ್ಸ್ ಹಾಕಿದ್ದರು. ಮಗ್ಗದ ಮುಂದೆ ಬಂದು ಸ್ನೀಕರ್ಸ್ ಕಳಚಿ ಬದಿಗಿಟ್ಟರು. ಚಪ್ಪಲಿ ಕಾಲನ್ನು ಮಗ್ಗಕ್ಕೆ ಇಡುವುದು ಅವರಿಗೆ ಆಗದ ಮಾತು. ಬರಿಗಾಲಲ್ಲಿ ಗ್ಯಾಲರಿಯಲ್ಲಿರುವುದು ಮ್ಯೂಸಿಯಮ್ಮಿನ ನಿಯಮಕ್ಕೆ ಆಗದ ಮಾತು. ನಾನು ಡೆನಿಸ್‌ನನ್ನು ನೋಡಿದೆ. ಡೆನಿಸ್ ಆ ಬರಿಗಾಲುಗಳನ್ನು ನೋಡಿ, ಆಮೇಲೆ ಚಾವಣಿಯ ತೊಲೆಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

ಎರಡು ಗಂಟೆ ನಲವತ್ತು ನಿಮಿಷಕ್ಕೆ ಶಾಂತವ್ವ ಮಗ್ಗಕ್ಕೆ ಕೂತು ಕಾಲುಮಣೆ ತುಳಿದರು. ಹೊಕ್ಕಿನ ನೂಲು ಹೊತ್ತ ಲಾಳಿ ಬಲದಿಂದ ಎಡಕ್ಕೆ ಹೋಯಿತು. ಬಡಿತ. ಎಡದಿಂದ ಬಲಕ್ಕೆ. ಬಡಿತ. ಆ ಕಟ್ಟಡದಲ್ಲಿ ಎಷ್ಟೋ ವರ್ಷಗಳಿಂದ ಆ ಸದ್ದು ಆಗಿರಲಿಲ್ಲ. ನೆಲದ ಹಲಗೆಗಳು ಅದನ್ನು ನನ್ನ ಅಂಗಾಲಿಗೆ ತಲುಪಿಸುತ್ತಿದ್ದವು. ಕೆಂಪು ತೀರುತ್ತ ಬಂತು. ಕೊಂಡಿಯ ಸಾಲು ಹಣಿಗೆಯ ಹಿಂದೆ ನಿಂತಿತು. ಬಲಗಡೆ ಎಲೆನಾ ಬಗ್ಗಿ ನೋಡುತ್ತಿದ್ದಳು; ಅವಳ ಬಾಯಿ 'ಸಾವಕಾಶ್' ಎಂದು ಚಲಿಸುತ್ತಿತ್ತು, ದನಿ ಇರಲಿಲ್ಲ. ಶಾಂತವ್ವ ಹಣಿಗೆಯನ್ನು ಹಿಂದಕ್ಕೆ ತಳ್ಳಿದರು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಅವರು ಅದನ್ನು ತಮ್ಮ ಕಡೆಗೆ ಎಳೆದುಕೊಂಡರು. ಹಣಿಗೆಯ ಈಚೆಗೆ ಬಿಳಿ ಬಂದಿತ್ತು.

ಕೆಂಪಿನ ಮುಂದೆ ಬಿಳಿ. ನಡುವೆ ಗಂಟಿಲ್ಲ.

ಯಾರೂ ಚಪ್ಪಾಳೆ ತಟ್ಟಲಿಲ್ಲ, ಶಾಂತವ್ವ ನಿಲ್ಲಿಸಿರಲಿಲ್ಲ. ಇನ್ನೂ ಹನ್ನೆರಡು ಬಡಿತ ಹಾಕಿ, ಬಿಳಿ ಒಂದು ಬೆರಳಿನ ಅಗಲ ಬಂದ ಮೇಲೆ ಲಾಳಿಯನ್ನು ಎಲೆನಾಳ ಕೈಗೆ ಕೊಟ್ಟು ಎದ್ದರು. "ಹೂಂ, ಕುಂದ್ರು" ಎಂದರು. ಆಗ ಎದ್ದ ಸದ್ದಿಗೆ ಕಿಟಕಿಯ ಗಾಜುಗಳು ಅದುರಿದವು. ಡೆನಿಸ್ ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದ. ನನ್ನ ನಿಯಮದ ಪುಸ್ತಕದಲ್ಲಿ ಅದೂ ನಿಷಿದ್ಧವೇ. ಸುಮಾ ಕೂಸನ್ನು ಎದೆಗೆ ಕಟ್ಟಿಕೊಂಡು ಅಳುತ್ತ, ಪಕ್ಕದ ಅಪರಿಚಿತ ಅಮೆರಿಕನ್ ಹೆಂಗಸಿಗೆ ಹೇಳುತ್ತಿದ್ದಳು: "ದಟ್ಸ್ ಮೈ ಮದರ್. ಶೀ ಈಸ್ ಅ ವೀವರ್. ದಟ್ಸ್ ಮೈ ಮದರ್."

ಆ ಬಟ್ಟೆ ಈಗಲೂ ಮಗ್ಗದ ಮೇಲಿದೆ. ಪ್ರತಿ ಶರತ್ಕಾಲ ಎಲೆನಾ ಬಂದು ಬಿಳಿಗೆ ಒಂದು ಗೇಣು ಸೇರಿಸುತ್ತಾಳೆ. ಗೋಡೆಯ ಫಲಕದಲ್ಲಿ ಕೃತಿಯ ಹೆಸರು 'ಕೊಂಡಿ' ಎಂದು ಕನ್ನಡ ಅಕ್ಷರದಲ್ಲೇ ಇದೆ. ಎಡ ಅಂಚಿಗೆ, ಕೆಂಪಿನ ಕೊನೆಯ ಭಾಗದಲ್ಲಿ, ಮೂರು ಬೆರಳಿನ ಅಗಲದ ಖಾಲಿ ಜಾಗ ಕಾಣುತ್ತದೆ. ಕಳೆದ ವಾರ ಒಬ್ಬ ಗೈಡ್ ಜನರಿಗೆ ಅದನ್ನು ಕಲಾವಿದೆಯ ದಿಟ್ಟ ಆಯ್ಕೆ ಎಂದು ವಿವರಿಸುತ್ತಿದ್ದ. ಅವನನ್ನು ಬದಿಗೆ ಕರೆದು, ಅದು ನನ್ನ ತಪ್ಪು, ದಾಖಲೆ ಇದೆ, ಎಂದು ಹೇಳಿದೆ. ನನ್ನ ಮೇಲೆ ಅವನಿಗೆ ನಂಬಿಕೆ ಬಂದಂತೆ ಕಾಣಲಿಲ್ಲ.

ಆದ್ದರಿಂದ, ನನ್ನ ಜೊತೆ ನೋಡಿದವರಲ್ಲಿ ಈಗ ಬದುಕಿರುವವರ ಹೆಸರು ಬರೆಯುತ್ತೇನೆ. ಎಲೆನಾ, ಮಗ್ಗದ ಬಲಬದಿ. ನನ್ನ ಹೆಂಡತಿ ವಸುಂಧರೆ, ಏಳನೆಯ ಕಿಟಕಿ, ಅದೇ ಇಳಕಲ್ ಸೀರೆಯಲ್ಲಿ. ಸುಮಾ, ಹಗ್ಗಕ್ಕೆ ತಾಗಿ. ಡೆನಿಸ್ ಮೆಟ್ಟಿಲ ಬಾಗಿಲಲ್ಲಿದ್ದ. ಅವನು ತೀರಿಹೋಗಿ ಎರಡು ವರ್ಷವಾಯಿತು, ಆದರೆ ವರದಿಯಲ್ಲಿ ಅವನ ಸಹಿ ಇದೆ. ಸುಮಾಳ ಮಗಳಿಗೆ ಈಗ ಆರು ವರ್ಷ. "ಐ ವಾಸ್ ದೇರ್, ಐ ಸಾ ಇಟ್" ಎಂದು ಶಾಲೆಯಲ್ಲೆಲ್ಲ ಹೇಳಿಕೊಂಡು ಬರುತ್ತಾಳೆ. ಇದ್ದದ್ದು ನಿಜ. ನೋಡಿದ್ದನ್ನು ನಾನು ಒಪ್ಪಲಾರೆ, ನಿದ್ದೆ ಮಾಡುತ್ತಿದ್ದಳು.

ಶಾಂತವ್ವ ಇಳಕಲ್ಲಿನಲ್ಲಿ ಗಟ್ಟಿಯಾಗಿದ್ದಾರೆ. ಪಟ್ಟಿಯ ಕೊನೆಯಲ್ಲಿ ಅವರ ಹೆಸರನ್ನೂ ಬರೆದು, ಖಚಿತಪಡಿಸಿಕೊಳ್ಳಲು ನಿನ್ನೆ ಫೋನ್ ಮಾಡಿದೆ. ಕೊಂಡಿ ದಾಟಿದಾಗ ನೀವು ಕಂಡದ್ದನ್ನು ಹೇಳಿ ಎಂದೆ.

"ನಾ ಎಲ್ಲಿ ನೋಡಿದ್ನಿರಿ ಸರ" ಎಂದರು. "ಕಣ್ಣು ಮುಚ್ಚಿದ್ದೆ. ಎಳಿ ಹರದ್ರ ಕಿವಿಗೆ ಗೊತ್ತಾಗ್ತೈತಿ. ಹರೀಲಿಲ್ಲ."

ಅವರ ಹೆಸರಿನ ಮುಂದಿದ್ದ 'ನೋಡಿದವರು' ಎಂಬುದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ 'ಕೇಳಿದವರು' ಎಂದು ಬರೆದು, ಸಹಿ ಹಾಕಿದ್ದೇನೆ.